ಬರೀ ಹೆಣ್ಣು ಹೂ

ಬೀದಿಯವರೆಲ್ಲ ಅವಳನ್ನು ತೋಟದಕ್ಕ ಎನ್ನುತ್ತಿದ್ದರು. ತೋಟವೆಂದರೆ ಅವಳೂ ಓರಗಿತ್ತಿಯೂ ಹಂಚಿಕೊಂಡಿದ್ದ ಹಿತ್ತಿಲು, ಅಷ್ಟೇ. ಯಾರ ಮುಂದೆಯೂ ಕೈಚಾಚದ ಹೆಂಗಸು. ಸೌತೆಯಂಥ ವಿದೇಶಿ ತರಕಾರಿ ಜುಕಿನಿ ಬೆಳೆಯುವ ಹಟ ಹಿಡಿದಾಗ ಮಾತ್ರ ಓರಗಿತ್ತಿಗೆ ಮಾತು ಕೊಟ್ಟಿದ್ದಳು: ಈ ಬೇಸಿಗೆಯಲ್ಲೂ ಕಾಯಿ ಕಾಣದಿದ್ದರೆ ಹಿತ್ತಿಲಿಗೆ ಕಾಂಕ್ರೀಟ್ ಹಾಕಿಸಿ ಕಾರು ನಿಲ್ಲಿಸಿಕೊ, ಎದುರಾಡುವುದಿಲ್ಲ.

ಹೋದ ಬೇಸಿಗೆಯ ಸೆಕೆಗೆ ಗಿಡದ ತುಂಬ ಬರೀ ಗಂಡು ಹೂ. ಈ ಸಲ ಗೊಬ್ಬರದಂಗಡಿಯವನ ಮಾತು ಕೇಳಿ, ಹೆಣ್ಣು ಹೂ ಬರಿಸುವ ಎಥೆಫಾನ್ ಎಂಬ ಹಾರ್ಮೋನನ್ನು ಎಳೆಯ ಸಸಿಗಳಿಗೇ ಸಿಂಪಡಿಸಿದಳು. ಒಂದನ್ನೂ ಬಿಡಲಿಲ್ಲ. ಕೆಲವನ್ನಾದರೂ ಹಾಗೇ ಬಿಡಬೇಕೆಂದು ಅವನು ಹೇಳುವಷ್ಟರಲ್ಲಿ ಇವಳು ಬಾಟಲಿ ಹಿಡಿದು ಮೆಟ್ಟಿಲಿಳಿದಾಗಿತ್ತು.

ಈಗ ಎಲ್ಲವೂ ಹೆಣ್ಣು ಹೂ, ಹೂವಿಗೊಂದು ಬೆರಳುದ್ದದ ಹೀಚು. ಪರಾಗಕ್ಕೆ ಒಂದೇ ಒಂದು ಗಂಡು ಹೂವಿಲ್ಲ. ಹೀಚುಗಳು ತುದಿಯಿಂದ ಹಳದಿಯಾಗಿ, ಮುಟ್ಟಿದರೆ ಕೈಗೇ ಬರುತ್ತಿದ್ದವು.

“ಹೋದ್ಸಲ ಬರೀ ಗಂಡಿನ ಕಡೆಯವರು, ಈ ಸಲ ಬರೀ ಹೆಣ್ಣಿನ ಕಡೆಯವರು,” ಬಾಗಿಲಲ್ಲಿ ನಿಂತು ಓರಗಿತ್ತಿ ನಕ್ಕಳು. “ಮದುವೆ ಯಾವಾಗಕ್ಕಾ? ಕಾಂಕ್ರೀಟಿನವನು ನಾಳೆ ಅಳತೆಗೆ ಬರ್ತಾನೆ.”

ಮರುದಿನ ಬೆಳಗ್ಗೆ ನೀರು ತರಲು ಹೋದ ತೋಟದಕ್ಕ ಓರಗಿತ್ತಿಯ ಬಚ್ಚಲ ಹಿಂದೆ ನಿಂತುಬಿಟ್ಟಳು. ಒಡೆದ ಬಕೆಟ್ಟಿನಲ್ಲಿ ಜುಕಿನಿ! ಸಿಂಪಡಿಸುವ ಮೊದಲು ತಾನೇ ಕಿತ್ತೆಸೆದಿದ್ದ ಬಡಕಲು ಸಸಿ. ಮೈತುಂಬ ಗಂಡು ಹೂ, ಅರಳಿ ನಿಂತಿದ್ದವು. ಸುತ್ತ ಯಾರೂ ಇರಲಿಲ್ಲ. ಕೈ ಹೂವಿನವರೆಗೆ ಹೋಯಿತು, ಹಿಂದೆ ಬಂತು. ಬಾಗಿಲು ತಟ್ಟಿದಳು.

“ಅದು ನಿಂದಾ?”

“ನೀನು ಬಿಸಾಕಿದ್ದು. ಪಾಪ ಅನ್ನಿಸ್ತು, ನೆಟ್ಟೆ. ದಿನಾ ನೀರು ಕುಡಿಯುತ್ತೆ, ಒಂದು ಕಾಯಿ ಕೊಟ್ಟಿಲ್ಲ ದರಿದ್ರದ್ದು.”

“ನಂಗೆ ಆ ಹೂ ಬೇಕು.”

“ನೀನು ಕೇಳ್ತಿದ್ದೀಯಾ? ನನ್ನ ಹತ್ರ?”

“ಕೇಳ್ತಿದ್ದೀನಿ ಕಣೇ. ಬಿಸಿಲೇರಿದ್ರೆ ಮುಚ್ಕೊಳ್ಳುತ್ತೆ.”

ಗೇಟಿನಾಚೆ ಕಾಂಕ್ರೀಟಿನವನ ಸ್ಕೂಟರ್ ನಿಂತ ಸದ್ದಾಯಿತು, ಹಿಂದೆಯೇ ಹಾರ್ನ್. ಹೂ ಕೊಟ್ಟರೆ ಕಾಯಿ ಕಟ್ಟುತ್ತದೆ, ಕಾಯಿ ಕಟ್ಟಿದರೆ ಕಾರಿಗೆ ಬೀದಿಯೇ ಗತಿ. ಇಬ್ಬರಿಗೂ ಗೊತ್ತಿತ್ತು. ಓರಗಿತ್ತಿ ಗೇಟನ್ನು ನೋಡಿದಳು, ಬಕೆಟ್ಟನ್ನು ನೋಡಿದಳು. ಮತ್ತೆ ಹಾರ್ನ್.

“ಇರಪ್ಪಾ, ಕೈ ಬಿಡುವಿಲ್ಲ!” ಎಂದು ಅಲ್ಲಿಂದಲೇ ಕೂಗಿ, ಬಗ್ಗಿ ಹೂ ಕಿತ್ತಳು. “ದಳ ಬಿಡಿಸ್ಬೇಕಾ?”

“ಹೂಂ. ನಡುವಿನ ಪುಡಿ ಮಾತ್ರ ಹೆಣ್ಣು ಹೂವಿನೊಳಗೆ ಸವರು. ಮೆತ್ತಗೆ.”

“ಗಂಡಿನ ಕಡೆಯವಳು ನಾನು, ನೆನಪಿರ್ಲಿ. ಮೊದಲನೇ ಕಾಯಿ ನಂಗೆ.”

ಮುಂದಿನ ವಾರ ಒಂದು ಹೀಚು ತುದಿಯವರೆಗೂ ಹಸಿರಾಗಿಯೇ ಉದ್ದವಾಗಿತ್ತು. ಕಾರು ಬೀದಿಯಲ್ಲೇ ಬಿಸಿಲಿಗೆ ಕಾದು ಕೆಂಡವಾಗಿತ್ತು. ಓರಗಿತ್ತಿ ಅದನ್ನು ಬೈದುಕೊಳ್ಳುತ್ತಲೇ ಬಕೆಟ್ಟಿಗೆ ನೀರು ಹಾಕಿದಳು.