ಗೇಟಿನ ಮೇಲಿದ್ದ ಅಪ್ಪನ ಹೆಸರು

"ಚಿಕ್ಕಬೋರೇಗೌಡ್ರನ್ನ ಒಂದ್ಸಲ ಆಫೀಸಿಗೆ ಕಳ್ಸಿ ಸಾ. ಒಂದು ಸಹಿ ಬೇಕಾಗದೆ."

ಮೊನ್ನೆ ಬೆಳಿಗ್ಗೆ ಹೀಗೊಂದು ಫೋನ್. ಚಿಕ್ಕಬೋರೇಗೌಡರು ಅಂದರೆ ನಮ್ಮಪ್ಪ, ತೀರಿಕೊಂಡು ಒಂಬತ್ತು ವರ್ಷವಾಯಿತು. ಎಲ್ಲಿಂದ ಕಳಿಸಲಿ?

ಸೈಬರ್ ಕಳ್ಳರೇ ಅಂದುಕೊಂಡೆ. ಆದರೆ ಆ ಮನುಷ್ಯ ಒಟಿಪಿ ಕೇಳಲಿಲ್ಲ. ಹೊರರಾಜ್ಯದವನೊಬ್ಬ ಬಾಡಿಗೆ ಮನೆಯ ಫಾರಂ ತಂದಿದ್ದಾನೆ, ತನ್ನನ್ನು ಬಲ್ಲ ಸ್ಥಳೀಯರು ಅಂತ ಚಿಕ್ಕಬೋರೇಗೌಡರ ಹೆಸರು ಬರೆದಿದ್ದಾನೆ ಅಂದ.

ಅಪ್ಪನ ಹೆಸರಲ್ಲಿ ಮೋಸ! ಮೈಯೆಲ್ಲಾ ಉರಿದುಹೋಯಿತು.

ಸ್ಕೂಟರ್ ತೆಗೆಯುವಾಗ ಎದುರು ಮನೆ ನಿಂಗಮ್ಮ ಇನ್ನಷ್ಟು ಎಣ್ಣೆ ಸುರಿದಳು. "ಆ ಬೆಲ್ಲದ ಭಯ್ಯಾನೇ ಇರ್ಬೇಕು ಕಣಪ್ಪ. ಮೂರು ದಿವ್ಸದಿಂದ ಒಂದೊಂದು ಗೇಟ್ ಮುಂದೂ ನಿಂತ್ಕಂಡು ಅದೇನೋ ಬರ್ಕತಾವ್ನೆ. ಯಾರ್ ಮನೇಲಿ ಜನ ಇಲ್ಲ ಅಂತ ನೋಡ್ಕತಾವ್ನೆ. ಸುಮ್ನೆ ಬುಡಬ್ಯಾಡ!"

ಹೋದೆ. (ಯಾವ ಕಚೇರಿ ಅಂತ ಹೇಳಲ್ಲ. ನನಗೂ ಅಲ್ಲಿ ಒಂದು ಕೆಲಸ ಬಾಕಿ ಇದೆ.)

ಅವನೇ ನಿಂತಿದ್ದ. ಬಿಹಾರದವನು. ಹೊಳಲು ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ಕಾಯಿಸುತ್ತಾನೆ. ನಮ್ಮ ಬೀದಿಯ ಕೊನೆಯ ರೂಮಿನಲ್ಲಿ ಹೆಂಡತಿ, ಮಗಳ ಜತೆ ಎರಡು ವರ್ಷದಿಂದ ಇದ್ದಾನೆ. ನಮ್ಮ ಮನೆಗೆ ಅಚ್ಚು ಬೆಲ್ಲ ತಂದುಕೊಡುವವನೂ ಅವನೇ.

ಗುಮಾಸ್ತರು ನನ್ನನ್ನು ಕಂಡಿದ್ದೇ ಶುರು ಮಾಡಿದರು. "ಸತ್ತೋರ ಹೆಸ್ರು ಬರ್ಕೊಂಡು ಬಂದವ್ನೆ ನೋಡಿ ಸಾ. ಹಿಂದೆ ದೊಡ್ಡ ಗ್ಯಾಂಗೇ ಇರಂಗದೆ."

"ಏನಯ್ಯಾ ಇದು?" ಅಂತ ಗದರಿದೆ.

"ಗೇಟ್ ಮ್ಯಾಲೆ ಇತ್ತಲ್ವಾ ಸಾ? ಅದೇ ನಿಮ್ ಎಸ್ರು ಅನ್ಕಂಡೆ."

ಅಚ್ಚ ಮಂಡ್ಯದ ಮಾತು! ಆಲೆಮನೆ ಕಲಿಸಿದ್ದು. ಓದಲು ಬಾರದ ಅಕ್ಷರಗಳನ್ನು ರಂಗೋಲಿ ಎಳೆದ ಹಾಗೆ ನೋಡಿಕೊಂಡು ಬರೆದಿದ್ದ. ನನ್ನ ಫೋನ್ ನಂಬರ್ ಸಿಕ್ಕಿದ್ದು ಅದೇ ಗೇಟಿನ ಟು-ಲೆಟ್ ಬೋರ್ಡಿನಿಂದ. (ನಮ್ಮ ಮಹಡಿ ಮೇಲಿನ ಬಾಡಿಗೆ ಮನೆಯನ್ನು ಹೊರಗಿನವರಿಗೆ ಕೊಡಲ್ಲ ಅಂತ ಅವನಿಗೇ ಒಮ್ಮೆ ಹೇಳಿದ್ದೆ. ಇರಲಿ.)

ನಮ್ಮ ಕಡೆ ಗೊತ್ತಲ್ಲ, ಮನೆ ಕಟ್ಟಿಸಿದವರು ಹೋದರೂ ಗೇಟಿನ ಕಲ್ಲಿನ ಮೇಲಿನ ಹೆಸರು ಹೋಗಲ್ಲ. ನಮ್ಮ ಮನೆಗೆ ಈಗಲೂ ಅಪ್ಪನೇ ಯಜಮಾನ. ಬಿಹಾರದವನಿಗೆ ಇದೆಲ್ಲ ಯಾರು ಹೇಳಬೇಕಿತ್ತು?

"ಬೇರೆ ಯಾರನ್ನಾದ್ರೂ ಕೇಳಬಾರದಿತ್ತಾ?"

"ಮೂರು ದಿವ್ಸ ಒಂದೊಂದು ಗೇಟಿನ ಎಸ್ರೂ ಬರ್ಕಂಡು ಕೇಳ್ದೆ ಸಾ. ಸಹಿ ಅಂದ್ರೆ ಎಲ್ರೂ ಒಳೀಕೆ ಓಯ್ತರೆ."

ಎರಡು ವರ್ಷ ಏನೂ ಕೇಳದ ಓನರ್ ಈಗ, ಸೀಲ್ ಬಿದ್ದ ಫಾರಂ ಶನಿವಾರದೊಳಗೆ ಕೈಗೆ ಬರದಿದ್ದರೆ ರೂಮು ಖಾಲಿ ಮಾಡು ಅಂದಿದ್ದಾರಂತೆ. ಮಗಳನ್ನು ಈ ವರ್ಷ ತಾನೇ ಒಂದನೇ ಕ್ಲಾಸಿಗೆ ಸೇರಿಸಿದ್ದಾನೆ.

ನನಗೆ ಆ ಫಾರಂ ಮೇಲೆಯೇ ಅನುಮಾನ ಬಂತು. ಹೊರಗಿಂದ ಬಂದವನು ಯಾರು, ಎಲ್ಲಿಯವನು, ಯಾವಾಗ ವಾಪಸ್ ಹೋಗುತ್ತಾನೆ, ಎಲ್ಲಕ್ಕೂ ಕಾಲಂ ಇದೆ. ಇಲ್ಲೇ ಉಳಿಯುತ್ತೇನೆ ಅನ್ನುವವನಿಗೆ ಕಾಲಂ ಎಲ್ಲಿ? ಸ್ಥಳೀಯರು ಗುರುತು ಹೇಳಬೇಕಂತೆ. ಸರಿ, ಸ್ಥಳೀಯರ ಗುರುತು ಅವನಿಗೆ ಮಾಡಿಸುವ ಕೆಲಸ ಯಾವ ಟೇಬಲ್ಲಿನದು? ಸುಡುವ ಕೊಪ್ಪರಿಗೆ ಮುಂದೆ ನಿಲ್ಲಿಸುವಾಗ ಯಾರೂ ಪರಿಚಿತರ ಸಹಿ ಕೇಳಲಿಲ್ಲವಲ್ಲ!

"ಹೋಗ್ಲಿ, ಅಪ್ಪನ ಹೆಸರು ಹೊಡೆದುಹಾಕಿ. ನಾನೇ ಸಹಿ ಹಾಕ್ತೀನಿ" ಅಂದೆ.

"ಯೋಚ್ನೆ ಮಾಡಿ ಸಾ. ನಾಳೆ ಏನಾರ ಆದ್ರೆ ನಿಮ್ ತಲೆಗೇ ಬರೋದು." ಗುಮಾಸ್ತರು ಗೊಣಗುತ್ತಲೇ ಫಾರಂ ನನ್ನ ಕಡೆ ತಳ್ಳಿದರು.

ಪೆನ್ನು ಹಿಡಿದು ಮೇಲಿನಿಂದ ಓದಿದೆ. ಹೆಸರು: ಸುರೇಂದರ್. ಓಹೋ! ಎರಡು ವರ್ಷ ಅವನ ಬೆಲ್ಲ ತಿಂದಿದ್ದೇನೆ, 'ಭಯ್ಯಾ' ಅಂತ ಕೂಗಿದ್ದೇನೆ. ಹೆಸರು ಕೇಳಿರಲಿಲ್ಲ. ನನ್ನದನ್ನು ಹೇಳಿಯೂ ಇರಲಿಲ್ಲ.

ಕೊನೆಯ ಕಾಲಂ: 'ಎಷ್ಟು ಕಾಲದಿಂದ ಪರಿಚಯ?'

ಎರಡು ವರ್ಷ ಅಂತ ಬರೆದು ಸಹಿ ಹಾಕಿದೆ. ಸೀಲ್ ಬಿತ್ತು. ಸುರೇಂದರ್ ಕೈಮುಗಿದ.

ಅಸಲಿಗೆ ನಮ್ಮ ಪರಿಚಯವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಈಗ ನೀವೇ ಹೇಳಿ, ಆ ಫಾರಂನಲ್ಲಿ ಸುಳ್ಳು ಬರೆದವರು ಯಾರು?