ಭಾಷೆ ಬೇಡದ ಕಿವಿ

ನಾನು ಹತ್ತನೆಯ ತರಗತಿಯವರೆಗೆ ಓದಿದವನು, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಮನೆಯಲ್ಲಿ ಆಡುವ ಮಾತು ಮಾತ್ರ ತಲೆತಲಾಂತರದಿಂದ ಕನ್ನಡವೇ. ಸುತ್ತ ತಮಿಳೇ ಆಡುವ ನಮ್ಮ ಕಣಿವೆಯಲ್ಲಿ ಆ ಮಾತು ಒಂದು ಪರದೆಯ ಹಾಗೆ. ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಪಕ್ಕದವರಿಗೆ ತಿಳಿಯಬಾರದ್ದನ್ನೆಲ್ಲ ನಾವು ಅದರಲ್ಲಿ ಆಡಿಕೊಳ್ಳುತ್ತೇವೆ. ಸೀರೆಯ ಬೆಲೆ ಹೆಚ್ಚಾಯಿತು ಎಂದು ಅಂಗಡಿಯವನ ಎದುರಿಗೇ ಹೇಳಿ, ಅವನನ್ನು ನೋಡಿ ನಗುತ್ತೇವೆ. ನಾನು ಮಾಡಿದ ತಪ್ಪು ಈ ಪರದೆಯನ್ನು ನಂಬಿದ್ದರಿಂದ ಹುಟ್ಟಿತು.

ಉತ್ತಮಪಾಳಯಂನ ಬಸ್ ನಿಲ್ದಾಣದ ಹತ್ತಿರ ನನಗೊಂದು ಜೆರಾಕ್ಸ್ ಅಂಗಡಿ. ಫೋನಿಗೆ ರೀಚಾರ್ಜ್ ಮಾಡುತ್ತೇನೆ, ಮದುವೆ ಪತ್ರಿಕೆಯನ್ನೂ ಅಚ್ಚು ಹಾಕಿಸಿಕೊಡುತ್ತೇನೆ. ಓದಲು ಬಾರದವರು ಫೋನಿಗೆ ಬಂದದ್ದನ್ನು ನನ್ನ ಕೈಯಲ್ಲಿ ಓದಿಸಿಕೊಂಡು ಹೋಗುತ್ತಾರೆ. ನನ್ನ ಹೆಂಡತಿಯೂ ಹಾಗೆಯೇ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಒಂದು ದಿನ ಟೈ ಕಟ್ಟಿದ ಒಬ್ಬ ಬಂದ. ಒಂದು ಆ್ಯಪ್ ತೋರಿಸಿದ. ಟೀವಿ ನೋಡಿದರೆ ಸಾಕು, ಬಹುಮಾನ ಬರುತ್ತದಂತೆ. ನೋಡಿದ್ದು ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ನಾನು ಕೇಳಲಿಲ್ಲ. ಬೀದಿಯ ಫೋನುಗಳಿಗೆಲ್ಲ ಹಾಕಿಕೊಟ್ಟರೆ ನನಗೊಂದು ದೊಡ್ಡ ಕುಕ್ಕರ್ ಎಂದ. ನನ್ನ ಬುದ್ಧಿ ಆ ಕುಕ್ಕರಿನೊಳಗೆ ಬೇಯಲು ಹೋಯಿತು.

ಹಾಕುವಾಗ ಅದು ಮೈಕ್ ಬಳಸಲು ಒಪ್ಪಿಗೆ ಕೇಳುತ್ತಿತ್ತು. ಹೂ ಮಾರುವ ಅಜ್ಜಿಯೊಬ್ಬಳು ಬಿಡಲಿಲ್ಲ.

"ಏನಣ್ಣಾ, ಮೈಕ್ ಅಂದ್ರೆ ನಾವಾಡಾದೆಲ್ಲ ಕೇಳ್ತದಾ?"

"ಕೇಳ್ಕಂಡು ಹೋಗ್ಲಿ ಬಿಡು. ಅದು ಕಲ್ತಿರಾದು ತಮಿಳು, ಇಂಗ್ಲೀಷು. ನಮ್ಮ ಮನೆ ಮಾತು ಅದ್ಕೆಲ್ಲಿ ತಿಳೀಬೇಕು?"

"ಆಮಾ, ನನ್ ಮೊಮ್ಮಗನಿಗೇ ಅರ್ಧ ತಿಳಿಯಾದಿಲ್ಲ," ಎಂದು ಅಜ್ಜಿ ಫೋನು ಕೊಟ್ಟಳು. ಇದನ್ನೇ ಎಲ್ಲರಿಗೂ ಹೇಳಿದೆ. ಎಲ್ಲರೂ ನಕ್ಕು ಒಪ್ಪಿಕೊಂಡರು. ಹೆಂಡತಿಯ ಫೋನಿಗೂ ಹಾಕಿದೆ. ಹಿಂದಿನ ಸಂದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ತನ್ನ ಫೋನಿನ ಜೊತೆ ಇನ್ನೊಂದನ್ನೂ ತಂದಿದ್ದಳು. ಯಾರದೆಂದು ಕೇಳದೆ ಅದಕ್ಕೂ ಹಾಕಿಕೊಟ್ಟೆ.

ಇಲ್ಲಿ ನನ್ನ ತಮ್ಮನ ಮಾತು ಬರಬೇಕು. ಅವನ ಮನೆಯ ಹಿಂಬಾಗಿಲು ಅದೇ ಸಂದಿಗೆ ತೆರೆಯುತ್ತದೆ. ನಾವಿಬ್ಬರು ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮದುವೆಯಾದವರು. ನನ್ನ ಹೆಂಡತಿ ಅಕ್ಕ, ಅವನ ಹೆಂಡತಿ ತಂಗಿ. ಅವನ ಮಗಳ ಮದುವೆಯಲ್ಲಿ ನಮಗೆ ಮಾತು ಬಿಟ್ಟುಹೋಯಿತು. ಕಾರಣ ಕೇಳಿದರೆ ನೀವು ನಗುತ್ತೀರಿ. ಸ್ವಂತ ಅಣ್ಣನ ಅಂಗಡಿ ಇರುವಾಗ ಅವನು ಲಗ್ನಪತ್ರಿಕೆಯನ್ನು ತೇನಿಯಲ್ಲಿ ಅಚ್ಚು ಹಾಕಿಸಿದ. ನಾನು ಮದುವೆಗೆ ಹೋಗಿ ಊಟ ಮಾಡದೆ ಬಂದೆ. ಅಂದಿನಿಂದ ಎರಡು ಮನೆಯ ಹೆಂಗಸರೂ ಒಬ್ಬರ ಬಾಗಿಲು ಒಬ್ಬರು ತುಳಿಯಬಾರದೆಂದು ನಾವು ಗಂಡಸರೇ ತೀರ್ಮಾನಿಸಿದೆವು. ಅವರನ್ನು ಯಾರೂ ಕೇಳಲಿಲ್ಲ.

ಆಮೇಲೆ ನನ್ನ ಹೆಂಡತಿ ಮಧ್ಯಾಹ್ನದ ಹೊತ್ತು ಹೊಲಿಗೆಯವಳ ಮನೆಗೆ ಹೋಗತೊಡಗಿದಳು. "ರವಿಕೆ ಅಳತೆ ಕೊಟ್ಟು ಬತ್ತೀನಿ" ಎನ್ನುವಳು. ಬರುವಾಗ ಮುಖ ಅರಳಿರುತ್ತಿತ್ತು. ಒಂದು ರವಿಕೆಗೆ ಇಷ್ಟು ಅಳತೆ ಯಾಕೆಂದು ನನಗೆ ಹೊಳೆಯಲೇ ಇಲ್ಲ. ಗಂಡಸಿಗೆ ರವಿಕೆಯ ವಿಷಯ ಏನು ತಿಳಿಯುತ್ತದೆ?

ಒಂದು ಬೆಳಿಗ್ಗೆ ಅವಳು ಫೋನು ತಂದು ಕೈಗಿಟ್ಟಳು. "ಇಲ್ನೋಡಿ, ಏನೋ ಬಂದೈತೆ. ಕುಕ್ಕರ್ ನಂಗೂ ಕೊಡ್ತಾರಾ?"

ತಮಿಳಿನಲ್ಲಿ ಬಂದಿತ್ತು. ನೀವೂ ನಿಮ್ಮ ಜೊತೆಗಾರರೂ ಈ ವಾರವೆಲ್ಲ ಒಂದೇ ಟೀವಿಯ ಮುಂದೆ ಕೂತು ಧಾರಾವಾಹಿ ನೋಡಿದ್ದೀರಿ, ನಿಮಗೆ ಜೋಡಿ ಬಹುಮಾನ, ಎಂದು. ಕೆಳಗೆ ಆ ಜೊತೆಗಾರರ ಸಣ್ಣ ದುಂಡು ಚಿತ್ರ. ಮಲ್ಲಿಗೆ ಮುಡಿದು ನಿಂತಿದ್ದವಳು ನನ್ನ ತಮ್ಮನ ಹೆಂಡತಿ. ಅಕ್ಕತಂಗಿಯರು ದಿನವೂ ಸೇರುತ್ತಿದ್ದದ್ದು ಹೊಲಿಗೆಯವಳ ಟೀವಿಯ ಮುಂದೆ.

"ಏನಂತೆ?" ಎಂದಳು.

"ಏನಿಲ್ಲೆ. ಸುಮ್ಕೆ ಜಾಹೀರಾತು," ಎಂದೆ.

ಅವಳು ನಂಬಿ ಒಳಗೆ ಹೋದಳು. ಆ ಕ್ಷಣದಲ್ಲೇ ಬಾಯಿ ಬಿಟ್ಟು ಕೇಳಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ನಾನು ಅದನ್ನು ಬಚ್ಚಿಟ್ಟುಕೊಂಡೆ. ಊಟಕ್ಕೆ ಕೂತಾಗ, ಸಾರು ಬಡಿಸುತ್ತಿದ್ದವಳನ್ನು ನೋಡಿ ಕೇಳಿದೆ:

"ಏನು, ರವಿಕೆ ಆಯ್ತಾ? ಒಂದೇನಾ, ಇಲ್ಲಾ ಜೋಡಿ ರವಿಕೆನಾ?"

ಸೌಟು ಗಾಳಿಯಲ್ಲೇ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ. ಮಾರನೆಯ ದಿನ ಅವಳು ಎಲ್ಲಿಗೂ ಹೋಗಲಿಲ್ಲ. ನನಗೆ ಗೆದ್ದ ಹಾಗಾಯಿತು. ಹೇಳಲು ನಾಚಿಕೆಯಾಗುತ್ತದೆ, ಎರಡು ತುತ್ತು ಅನ್ನ ಹೆಚ್ಚಾಗಿಯೇ ತಿಂದೆ.

ಗೆಲುವು ಬಹಳ ದಿನ ಉಳಿಯಲಿಲ್ಲ. ಮಧ್ಯಾಹ್ನ ಬಿಡುವಾದ ಅವಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದಳು. ಗಿರಾಕಿಗಳ ವಿಚಾರಣೆ ಶುರುವಾಯಿತು. ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಬಂದ ಪಕ್ಕದ ಊರು ಕೊಂಬೈನ ಒಬ್ಬನಿಗೆ, "ನಿನ್ ಮೂತಿ ಇದ್ರಲ್ಲಿ ಹಿಂಗ್ಯಾಕೈತೆ? ಕಾಪಿ ತೆಗೆದ್ರೆ ಸರಿ ಆಗ್ತದಾ?" ಎಂದಳು. ಅವನು ಮತ್ತೆ ಬರಲಿಲ್ಲ. ಆದರೆ ಅವಳ ಮಾತಿನಲ್ಲಿ ನಗೆ ಇರಲಿಲ್ಲ.

ಆಗ ಬಂದವಳು ತಮ್ಮನ ಮಗಳು. ದಿಂಡಿಗಲ್ಲಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ಅವಳ ಲಗ್ನಪತ್ರಿಕೆಗೇ ಜಗಳವಾದರೂ ಅವಳು ಮಾತ್ರ ನನ್ನನ್ನು ಬಿಟ್ಟವಳಲ್ಲ. ನನ್ನ ಹೆಂಡತಿ ಅಂಗಡಿಗೆ ಬರುವ ಮುಂಚೆಯೇ ಬಂದು ನನ್ನೆದುರು ನಿಂತಳು.

"ದೊಡ್ಡಪ್ಪಾ, ದೊಡ್ಡಮ್ಮನ್ಗೆ ಏನ್ ಸೊಲ್ಲಿದಿರಿ? ಅಮ್ಮ ಟೀವಿ ಹಾಕಾದೇ ಇಲ್ಲೆ. ಅಕ್ಕ ಇಲ್ಲದೆ ಒಬ್ಳೇ ನೋಡಾಕೆ ವಲ್ಲೆ ಅಂತಾಳೆ. ಹಿಂದಿನ ಬಾಗಿಲಲ್ಲಿ ನಿಂತು ಸಂದಿ ನೋಡ್ತಾಳೆ. ಪಾವಂ."

"ನಿಂಗೂ ತಿಳಿದಿತ್ತಾ?"

"ನಂಗೆ ತಿಳಿಯದೆ? ನಿಮಗೆಂಗೆ ತಿಳೀತು, ಅದನ್ನ ಹೇಳಿ."

ಆ್ಯಪ್ ತೋರಿಸಿದೆ. ನಮ್ಮ ಮಾತು ತಿಳಿಯದ ಯಂತ್ರಕ್ಕೆ ಇದೆಲ್ಲ ಹೇಗೆ ತಿಳಿಯಿತು ಎಂದು ನಾನೂ ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೆ. ಅವಳು ನಗಲು ಶುರು ಮಾಡಿದಳು. ನಕ್ಕು ನಕ್ಕು ಜೆರಾಕ್ಸ್ ಯಂತ್ರಕ್ಕೆ ಒರಗಿಕೊಂಡಳು.

"ಅದು ನಿಮ್ಮ ಮಾತು ಕೇಳಾದೇ ಇಲ್ಲೆ ದೊಡ್ಡಪ್ಪಾ. ಟೀವಿ ಜಾಹೀರಾತಲ್ಲಿ ಒಂದು ಸದ್ದು ಮರೆಸಿಟ್ಟಿರ್ತಾರೆ. ರೊಂಬ ಸಣ್ಣದು. ನಮ್ಮ ಕಿವಿಗೆ ಕೇಳಾದಿಲ್ಲ, ಫೋನಿಗೆ ಕೇಳ್ತದೆ. ಒಂದೇ ಹೊತ್ತಿಗೆ ಒಂದೇ ಸದ್ದು ಎರಡು ಫೋನಿಗೆ ಕೇಳಿಸ್ತು, ಎರಡೂ ಒಂದೇ ಜಾಗದಲ್ಲಿ ಇದ್ವು ಅಂದ್ರೆ, ಆ ಇಬ್ಬರೂ ಒಟ್ಟಿಗೆ ಕೂತವ್ರೆ ಅಂತ ಲೆಕ್ಕ. ಮೇಯಾಕೆ ಬಿಟ್ಟ ಹಸ ಮಾತಾಡ್ತದಾ? ಕುತ್ತಿಗೆ ಗಂಟೆ ಇದ್ರೆ ಸಾಕಲ್ಲ, ಎಲ್ಲೈತೆ ಅಂತ ತಿಳಿಯಾಕೆ."

ಬೀದಿಯ ಹೆಂಗಸರ ಕುತ್ತಿಗೆಗೆಲ್ಲ ನಾನೇ ನನ್ನ ಕೈಯಾರೆ ಗಂಟೆ ಕಟ್ಟಿದ್ದೆ. ಅದರ ಸದ್ದು ಕೇಳಿಸುತ್ತಿದ್ದದ್ದು ಯಾರಿಗೋ. ನಮ್ಮ ಭಾಷೆಯ ಪರದೆ ಹಿಡಿದುಕೊಂಡು ಹೆದರಬೇಡಿ ಎಂದಿದ್ದವನೂ ನಾನೇ.

"ತೆಗೆದುಬಿಡಿ," ಎಂದಳು ಮಗಳು. "ಎಲ್ಲಾರ್ದೂ. ಮೈಕ್ ಒಪ್ಪಿಗೇನೂ ತೆಗೀರಿ. ಅಮ್ಮಂದು ನಾನ್ ತೆಗೆಯಾದಿಲ್ಲ. ಹಾಕ್ದೋರೇ ಬಂದು ತೆಗೀಬೇಕು."

ಮಾರನೆಯ ದಿನ ಬೀದಿ ಸುತ್ತಿದೆ. ಹೂವಿನ ಅಜ್ಜಿ ಫೋನು ಕೊಡುತ್ತಾ, "ಹಾಕಾಕೂ ನೀನೇ, ಕೀಳಾಕೂ ನೀನೇ. ನಾಟಿ ಕೆಲ್ಸ ಮಾಡ್ತಿದ್ಯಾ ಅಣ್ಣಾ?" ಎಂದಳು. ಒಬ್ಬಳು, ನಿನಗೆ ಬಂದ ಕುಕ್ಕರನ್ನು ಬೀದಿಗೆ ಪೊಂಗಲ್ ಮಾಡಲು ಕೊಡು ಎಂದಳು. ಕೊಟ್ಟುಬಿಟ್ಟೆ. ಪೊಂಗಲ್ ಚೆನ್ನಾಗಿತ್ತಂತೆ, ನನ್ನನ್ನು ಕರೆಯಲಿಲ್ಲ.

ಕಡೆಗೆ ಉಳಿದದ್ದು ತಮ್ಮನ ಮನೆ. ಮಗಳು ಹೇಳದೆ ಬಿಟ್ಟದ್ದು ನನಗೆ ದಾರಿಯುದ್ದಕ್ಕೂ ಕುಟುಕುತ್ತಿತ್ತು. ಯಾಕೆ ತೆಗೆಯಬೇಕು ಎಂದು ತಮ್ಮ ಕೇಳಿದರೆ ಏನು ಹೇಳಲಿ? ಹೆಂಗಸರ ಗುಟ್ಟನ್ನು ನಾನು ಒಮ್ಮೆ ಕದ್ದಿದ್ದೆ. ಈಗ ಬಾಯಿ ಜಾರಿದರೆ ಅವನ ಮನೆಯಲ್ಲೂ ಅದು ಸಿಕ್ಕಿಬೀಳುತ್ತಿತ್ತು. ಅವನು ನನಗಿಂತ ಮುಂಗೋಪಿ. ಅವರ ಒಂದು ಗಂಟೆಯ ಸುಖ ಅಲ್ಲಿಗೆ ಪೂರ್ತಿ ಮುಗಿಯುತ್ತಿತ್ತು.

ಬಾಗಿಲ ಮುಂದಿನ ತಿಣ್ಣೆಯ ಮೇಲೆ ತಮ್ಮ ಕೂತು ಬಾಳೆ ನಾರು ಬಿಡಿಸುತ್ತಿದ್ದ. ತಲೆ ಎತ್ತಿ ನೋಡಿದ.

"ಏನು, ಪತ್ರಿಕೆ ಅಚ್ಚಾಕಾಕೆ ಬಂದ್ಯಾ? ರೊಂಬ ಲೇಟು. ಮೊಮ್ಮಗೂನೇ ಹುಟ್ಟಿ ಆಯ್ತು."

ನುಂಗಿಕೊಂಡೆ. "ನಿಮ್ಮ ಮನೆ ಫೋನು ಹೊಲಿಗೆಯವಳ ಕೈಲಿ ನನ್ನ ಅಂಗಡಿಗೆ ಬಂದಿತ್ತು. ನಾನೊಂದು ಕೆಟ್ಟದ್ದ ಹಾಕ್ಬಿಟ್ಟೆ. ತೆಗೀಬೇಕು."

"ಏನ್ ಕೆಟ್ಟದ್ದು?"

"ಟೀವೀಲಿ ನಮಗೆ ಕೇಳದ ಸದ್ದೊಂದು ಬರ್ತದೆ. ಅದನ್ನ ಹಿಡ್ಕಂಡು, ನಾವೇನ್ ನೋಡ್ತೀವಿ ಅಂತ ಫೋನು ಯಾರಿಗೋ ಹೇಳ್ತದೆ."

ತಮ್ಮನ ಕೈ ನಾರಿನ ಮೇಲೆ ನಿಂತಿತು. "ಏನ್ ನೋಡ್ತಾರೆ ಅಂತ ಮಾತ್ರಾನಾ? ಯಾರ ಜೊತೆ ಕೂತು ನೋಡ್ತಾರೆ ಅಂತಲೂ ಹೇಳ್ತದಾ?"

ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಫೋನು ಹಿಡಿದ ಅವಳ ಕೈ ಸೆರಗಿನೊಳಗೆ ಇತ್ತು. ಅವಳ ಕಣ್ಣನ್ನು ನಾನು ಈಗಲೂ ಮರೆತಿಲ್ಲ.

"ಇಲ್ಲೆ," ಎಂದೆ. "ಅದೆಲ್ಲ ಅದ್ಕೆಂಗೆ ತಿಳೀತದೆ? ಅದ್ಕೇನ್ ಕಣ್ಣೈತಾ?"

ಅವಳು ಫೋನು ಚಾಚಿದಳು. ಆ್ಯಪ್ ತೆಗೆದೆ, ಮೈಕ್ ಮುಚ್ಚಿದೆ, ಎರಡು ಸಲ ನೋಡಿ ಹಿಂದಕ್ಕೆ ಕೊಟ್ಟೆ. ಅವಳು ಒಳಗೆ ಹೋಗಿ ಮಜ್ಜಿಗೆ ತಂದಿಟ್ಟಳು. ಉಪ್ಪು ಜಾಸ್ತಿ. ಪೂರ್ತಿ ಕುಡಿದೆ. ಎದ್ದು ಹೊರಟಾಗ ತಮ್ಮ ತನ್ನ ಅಂಗಿಯ ಜೇಬಿನಿಂದ ಫೋನು ತೆಗೆದು ಎಸೆಯುವ ಹಾಗೆ ಚಾಚಿದ. "ನಂದೂ ನೋಡು. ನಿನ್ನ ನಂಬಾಕಾಗಾದಿಲ್ಲ." ಅದರಲ್ಲಿ ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಹಿಡಿದುಕೊಂಡು ನೋಡುತ್ತಲೇ ಇದ್ದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಬಂದ ಸುದ್ದಿಯನ್ನು ಓದಿ ಮುಚ್ಚಿಟ್ಟದ್ದು, ಊಟದ ಹೊತ್ತಿನ ಚುಚ್ಚುಮಾತು, ಎಲ್ಲವನ್ನೂ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಸುಲಿಯುತ್ತಲೇ ಕೇಳಿದಳು.

"ನಂಗೆ ಓದಾಕೆ ಬರಾದಿಲ್ಲ ಅಂತ ನಿಮ್ ಕೈಗೆ ಕೊಟ್ಟೆ," ಎಂದಳು. "ಫೋನು ಬಸ್‌ಸ್ಟ್ಯಾಂಡಲ್ಲಿ ಬಿದ್ದೋಗಿದ್ರೂ ಇಷ್ಟು ಆಗ್ತಿರ್ಲಿಲ್ಲ."

ಇನ್ನೊಂದು ಹಿಡಿ ಕಾಯಿ ಸುಲಿದ ಮೇಲೆ, "ನಿಮ್ ತಮ್ಮನ್ಗೆ ಏನಂದ್ರಿ?" ಎಂದು ಕೇಳಿದಳು. ಹೇಳಿದೆ.

"ಕಣ್ಣೈತಾ ಅಂತಲೇ ಕೇಳಿದ್ರಾ?" ಅವಳ ಬಾಯಂಚು ಅಲುಗಿತು. "ಇಷ್ಟು ವಯಸ್ಸಾದ ಮೇಲೆ ಸರಿಯಾಗಿ ಒಂದು ಸುಳ್ಳು ಹೇಳಾಕೆ ಕಲ್ತ್ರಿ."

"ನಾಳೆಯಿಂದ ಹೋಗು," ಎಂದೆ. "ನಾನು ಕೇಳಾದಿಲ್ಲ."

"ನೀವು ಹೋಗು ಅಂದ್ರೆ ಹೋಗಾಕೆ, ಹೋಗ್ಬೇಡ ಅಂದ್ರೆ ನಿಲ್ಲಾಕೆ, ನಾನೇನು ಟೌನ್ ಬಸ್ಸಾ?" ಎಂದು ಮೊರವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಈಗ ಮಧ್ಯಾಹ್ನವಾದರೆ ಅವಳು ಫೋನನ್ನು ಅಕ್ಕಿ ಡಬ್ಬದ ಮೇಲೆ ಬಿಟ್ಟು ಹೊರಡುತ್ತಾಳೆ. ಯಾವ ನೆಪವನ್ನೂ ಹೇಳುವುದಿಲ್ಲ. ಒಂದು ದಿನ ಹೊಲಿಗೆಯವಳು ಅಂಗಡಿಗೆ ಬಂದಾಗ ತಡೆಯಲಾಗದೆ, ಅಲ್ಲಿಗೇ ಬರುತ್ತಾರಾ ಎಂದು ಕೇಳಿಬಿಟ್ಟೆ. "ನಮ್ಮ ಮನೇಗೆ ಬರಾದು ನಿಂತೋಯ್ತಣ್ಣಾ. ಜಾಗ ಬದ್ಲಾಯ್ಸ್ಕೊಂಡವ್ರೆ," ಎಂದಳು. ಎಲ್ಲಿಗೆಂದು ಅವಳಿಗೂ ಗೊತ್ತಿಲ್ಲವಂತೆ. ಗೊತ್ತಿದ್ದರೂ ಹೇಳುತ್ತಿರಲಿಲ್ಲ, ಅದು ಅವಳ ಮುಖದಲ್ಲೇ ಇತ್ತು.

ನಿನ್ನೆ ಹೆಂಡತಿ ತಿರುಗಿ ಬಂದಾಗ ಸಂಜೆಯ ಕಾಫಿಯ ಹೊತ್ತು ಮೀರಿತ್ತು. ಕಣ್ಣು ಕೆಂಪಾಗಿತ್ತು. ಧಾರಾವಾಹಿಯಲ್ಲಿ ಯಾರೋ ಸತ್ತಿರಬೇಕು ಎಂದುಕೊಂಡು, "ಯಾರು ಹೋದ್ರು?" ಎಂದೆ.

"ಎಲ್ಲಿ ಯಾರು ಹೋದ್ರು?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ, ಮತ್ತು ಕಾಫಿಗೆ ನೀರಿಟ್ಟಳು.