ಏರಿಯ ಕೆಳಗಿನ ಬಾಣಂತಿ

ತೋವಿನಕೆರೆ ಸೀಮೆಯ ಏರಿಪಾಳ್ಯದಲ್ಲಿ ಶಿವರುದ್ರಮ್ಮನ ಮನೆ ಕೆರೆ ಏರಿಯ ಬುಡದಲ್ಲೇ ಇತ್ತು. ಮದುವೆಯಾಗಿ ಬಂದದ್ದೂ ಅಲ್ಲಿಗೆ, ಗಂಡ ಸತ್ತ ಮೇಲೆ ಎಮ್ಮೆ ಕಟ್ಟಿಕೊಂಡು ಇದ್ದೊಬ್ಬ ಮಗಳು ಸಿದ್ದಮ್ಮನನ್ನು ಸಾಕಿದ್ದೂ ಅಲ್ಲೇ. ಏರಿಯಾಚೆ ಎಷ್ಟು ನೀರು ನಿಂತಿದೆಯೆಂದು ಅವಳು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ಆ ವರ್ಷ ಅದೇ ಯೋಚನೆಯಾಯಿತು.

ಕೆರೆಯ ಮೇಲುಗಡೆ ಮೇಲಹಳ್ಳಿ. ಕೆರೆ ತುಂಬಿದರೆ ಅವರ ಹೊಲ ಮುಳುಗುತ್ತದೆ, ತುಂಬದಿದ್ದರೆ ಏರಿಪಾಳ್ಯದ ಗದ್ದೆ ಒಣಗುತ್ತದೆ. ತಾತಂದಿರ ಕಾಲದಿಂದ ತಲೆ ಒಡೆದುಕೊಂಡು ಬಂದ ಊರುಗಳು. ಹಾಗಂತ ಹೆಣ್ಣು ಕೊಟ್ಟು ತರುವುದನ್ನು ಬಿಟ್ಟರೇ? ಅದೂ ಇಲ್ಲ! ಸಿದ್ದಮ್ಮನನ್ನು ಕೊಟ್ಟದ್ದು ಮೇಲಹಳ್ಳಿಯ ಯಜಮಾನ ಪರ್ವತಯ್ಯನ ಮಗನಿಗೇ.

ಜಪಾನಿನಲ್ಲಿ ಒಂದೇ ಬಾಂಬಿಗೆ ಒಂದು ಪಟ್ಟಣವೇ ಬೂದಿಯಾಯಿತೆಂಬ ಸುದ್ದಿ ಕೊರಟಗೆರೆ ಸಂತೆಗೆ ಬಂದ ಮಳೆಗಾಲದಲ್ಲೇ, ಪರ್ವತಯ್ಯ ಬಂಡೆ ಒಡೆಯುವ ಮದ್ದು ತರಿಸಿದ್ದಾನೆಂಬ ಸುದ್ದಿಯೂ ಬಂತು. ಬಾವಿ ತೋಡಲು ಎಂದು ಅವನು ಹೇಳಿದ. ಇದು ಏರಿ ಒಡೆಯಲಿಕ್ಕೇ, ನೀರಿನಲ್ಲಿ ಮುಳುಗುವವನಿಗೆ ಬಾವಿ ಯಾಕೆ ಎಂದು ಏರಿಪಾಳ್ಯ ಕೇಳಿತು. ಬೇಸಿಗೆಗೆ ಬೇಡವೇ ಎಂದರೆ ಅದೂ ಸರಿಯೇ.

ಪಟೇಲ ಶಂಕರಲಿಂಗಪ್ಪನ ಜಗಲಿಯಲ್ಲಿ ದಿನಾ ಇದೇ ಪಂಚಾಯ್ತಿ. ಮದ್ದು ಇಟ್ಟಿರುವ ಕೊಟ್ಟಿಗೆಗೆ ನಾವೇ ಮೊದಲು ಬೆಂಕಿ ಹಾಕೋಣ ಎಂದರು ಕೆಲವರು. ನಾವೂ ಮದ್ದು ತರೋಣ ಎಂದರು ಇನ್ನು ಕೆಲವರು. ತಾಲ್ಲೂಕಿನ ಅಮಲ್ದಾರರಿಗೆ ಹೇಳಿದ್ದೂ ಆಯಿತು. ಬಂದು ನೋಡಿ, ಬಾವಿಗೇ ಅಂತ ಹೇಳಿ ಹೋದರು.

"ಸುಮ್ಕಿರ್ರೋ," ಎಂದ ಪಟೇಲ. "ಅವ್ನ ಸೊಸೆ, ಮೊಮ್ಮಗ ಇಲ್ಲೇ ಅವ್ರೆ. ಅವ್ರು ಇರೋಗಂಟ ಅವ್ನು ಏರಿ ಮುಟ್ಟಾಕಿಲ್ಲ."

ಮಾತು ನಿಜ. ಸಿದ್ದಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಐದು ತಿಂಗಳು ತುಂಬುವ ತನಕ ಬಾಣಂತಿಯನ್ನು ಕಳಿಸುವ ಪದ್ಧತಿಯಿಲ್ಲ. ತನ್ನ ಮೊಮ್ಮಗನನ್ನು ಊರಿಗೆ ಕಾವಲಿಟ್ಟಂತಾಯಿತಲ್ಲ ಎಂದು ಶಿವರುದ್ರಮ್ಮನಿಗೆ ಹೇಸಿಗೆ. ಆದರೂ ಕೂಸು ಅತ್ತಾಗಲೆಲ್ಲ, ಸದ್ಯ ಇಲ್ಲೇ ಇದೆಯಲ್ಲ ಎಂಬ ಸಮಾಧಾನ. ಆ ಸಮಾಧಾನಕ್ಕೆ ಮತ್ತೆ ನಾಚಿಕೆ.

ಮೂರನೇ ತಿಂಗಳಿಗೇ ಪರ್ವತಯ್ಯ ಗಾಡಿ ಕಟ್ಟಿಕೊಂಡು ಬಂದ.

"ಕೂಸು ನೋಡ್ಬೇಕು ಅಂತ ನಮ್ಮನೆಯವ್ಳು ಊಟ ಬುಟ್ಟವ್ಳೆ. ಕಳ್ಸ್ಕೊಡು ಬೀಗಿತ್ತಿ," ಎಂದ.

ಶಿವರುದ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಜ್ಜಿಯ ಆಸೆಯೋ, ಏರಿಯ ಕೆಳಗಿನಿಂದ ತಮ್ಮವರನ್ನು ಎತ್ತಿಕೊಳ್ಳುವ ಹುನ್ನಾರವೋ? ಕೇಳುವುದಾದರೂ ಹೇಗೆ! ಕಳಿಸಿದರೆ ಊರು ಹೋದೀತು, ಕಳಿಸದಿದ್ದರೆ ಮಗಳ ಬಾಳು.

ಬಾಗಿಲ ಮರೆಯಿಂದ ಸಿದ್ದಮ್ಮನೇ ಬಾಯಿಬಿಟ್ಟಳು: "ಬಾವಿಗೆ ತಂದ ಮದ್ದು ಬಾವೀಲೇ ಸಿಡೀಲಿ ಮಾವಯ್ಯ. ಸದ್ದು ಕೇಳಿದ್ಮೇಲೆ ಬತ್ತೀನಿ."

ಪರ್ವತಯ್ಯ ಬಾಗಿಲನ್ನೇ ದುರುಗುಟ್ಟಿಕೊಂಡು ನೋಡಿ, ಬರಿಗಾಡಿ ಹೊಡೆದುಕೊಂಡು ಹೋದ.

ಒಂದು ಮಧ್ಯಾಹ್ನ ಸದ್ದು ಬಂತು. ಎಮ್ಮೆ ಮೈ ತೊಳೆಯುತ್ತಿದ್ದ ಶಿವರುದ್ರಮ್ಮ ಸೆರಗಿನ ಮೇಲೆ ನಿಗಾ ಇಲ್ಲದೆ ಏರಿ ಹತ್ತಿ ಓಡಿದಳು. ಏರಿ ಗಟ್ಟಿಯಾಗಿತ್ತು. ನೀರು ಸುಮ್ಮನಿತ್ತು. ಮೇಲಹಳ್ಳಿ ಬಾವಿಯ ಕಡೆ ಧೂಳು ಎದ್ದಿತ್ತು. ಅವಳು ಅಲ್ಲೇ ಕೂತು ಗೊಳೋ ಎಂದು ಅತ್ತಳು.

ಮರುದಿನ ಗಾಡಿ ಬಂತು. ಮಗಳಿಗೆ ಮಡಿಲು ತುಂಬಿ, ಗಾಡಿ ಹತ್ತಿಸಿ, ಕೂಸನ್ನು ತೊಡೆಗೆ ಕೊಟ್ಟಳು. ಆಮೇಲೂ ಮನಸ್ಸು ತಡೆಯಲಿಲ್ಲ.

"ಬಾವೀಲಿ ನೀರು ಸಿಕ್ತಾ ಬೀಗ್ರೇ?"

"ಎಲ್ಲಿ ಸಿಕ್ತದೆ? ಬಂಡೆ ಅಂಗೇ ಕುಂತೈತೆ. ಇನ್ನೊಂದಷ್ಟು ಮದ್ದು ತರಿಸ್ಬೇಕು," ಎಂದ ಪರ್ವತಯ್ಯ, ಎತ್ತಿನ ಹಗ್ಗ ಸರಿಮಾಡುತ್ತ.

ಶಿವರುದ್ರಮ್ಮ ಅವನ ಮುಖವನ್ನೇ ನೋಡಿದಳು. ಸುಳ್ಳು ಕಾಣಲಿಲ್ಲ. ನಿಜವೂ ಕಾಣಲಿಲ್ಲ. ಅವಳು ಕೈ ಚಾಚಿ ಕೂಸನ್ನು ವಾಪಸು ಎತ್ತಿಕೊಂಡಳು.

"ಐದು ತಿಂಗ್ಳು ತುಂಬ್ಲಿ."

"ತುಂಬಿದ್ಮೇಲೆ?"

ಅವಳು ಕೂಸಿಗೆ ಸೆರಗು ಹೊದಿಸಿದಳು. "ಇಳಿಯವ್ವ, ಒಳಕ್ಕೆ ನಡಿ," ಎಂದಳು ಮಗಳಿಗೆ.